ಸ್ಟೆಂಟಿಗೂ ರೂಮ್ ಬಾಡಿಗೆಗೂ ಏನು ಸಂಬಂಧ?

ಆರೋಗ್ಯ ವಿಮಾ ಕಂಪನಿ ಹಿಡಿದುಕೊಂಡಿದ್ದ 68,333 ರೂಪಾಯಿ ಕೊನೆಗೂ ನಮ್ಮ ಯಜಮಾನರ ಖಾತೆಗೆ ಬಂತು. 2025ರ ಫೆಬ್ರವರಿಯಲ್ಲಿ ಆಸ್ಪತ್ರೆ ಕೌಂಟರಿನಲ್ಲಿ ಕೈಯಿಂದ ಕಟ್ಟಿದ ದುಡ್ಡು ಅದು. ಬಂದಿದ್ದು ದೀಪಾವಳಿ ಕಳೆದ ಮೇಲೆ. ಎಂಥ ಕಾಗದ ಬೇಕು, ಯಾರ ಹತ್ತಿರ ಕೇಳಬೇಕು ಅಂತ ಹೇಳುವವರು ನಮಗೆ ದಾವಣಗೆರೆಯಲ್ಲಿ ಒಬ್ಬರೂ ಸಿಗಲಿಲ್ಲ. ಕೇಳಿದವರೆಲ್ಲ "ಇನ್ಶೂರೆನ್ಸ್ ಅಂದ್ರೆ ಹಂಗೇ ಕಣ್ರೀ, ಬಂದಷ್ಟು ಬಂತು ಅಂತ ಬಿಡ್ರಿ" ಅಂದವರೇ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಪಾಲಿಸಿ ವಿಷಯ. ಕೊರೊನಾ ವರ್ಷ, 2020ರ ನವೆಂಬರಿನಲ್ಲಿ ಮಾಡಿಸಿದ್ದು. ಗಂಡ ಹೆಂಡತಿ ಇಬ್ಬರಿಗೂ ಸೇರಿ 3 ಲಕ್ಷ. ಆಗ ತೆರಿಗೆ ಸೇರಿ 17,700 ರೂಪಾಯಿ ಕಟ್ಟಿದ್ದೆವು. 2024ರ ನವೆಂಬರಿಗೆ ಅದೇ ಪಾಲಿಸಿ 28,320 ಆಗಿತ್ತು. ನಡುವೆ ಒಂದು ಸಲವೂ ಕ್ಲೇಮ್ ಮಾಡಿರಲಿಲ್ಲ. ಯಜಮಾನರದು ಮಂಡಿಪೇಟೆಯಲ್ಲಿ ಚಿಕ್ಕ ಹಾರ್ಡ್‌ವೇರ್ ಅಂಗಡಿ. ವರ್ಷಕ್ಕೊಂದು ಸಲ ಇಷ್ಟು ದುಡ್ಡು ಒಟ್ಟಿಗೇ ಎತ್ತಿ ಕೊಡುವಾಗ ಹೊಟ್ಟೆ ಉರಿಯುತ್ತೆ. ಆದರೂ ವಯಸ್ಸು 58, ಬಿಪಿ ಬೇರೆ ಇದೆ ಅಂತ ಕಟ್ಟುತ್ತಲೇ ಬಂದೆವು. ಬಿಪಿ ಇರೋದನ್ನು ಅರ್ಜಿಯಲ್ಲೇ ಬರೆಸಿದ್ದೆವು. ಮೊದಲೇ ಇರುವ ಕಾಯಿಲೆಗೆ ಆಗ ಕ್ಲೇಮ್ ಕೊಡದೆ 4 ವರ್ಷದವರೆಗೂ ಕಾಯಿಸಬಹುದಿತ್ತು. 2024ರ ಏಪ್ರಿಲ್‌ನಿಂದ ಅದನ್ನು 3 ವರ್ಷಕ್ಕೆ ಇಳಿಸಿದ್ದಾರೆ. ನಮ್ಮದು ಹಳೇ ಲೆಕ್ಕದಲ್ಲೂ ದಾಟಿತ್ತು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಎದೆ ಹಿಡಿದ ಹಾಗಾಯಿತಂತೆ. ಪಕ್ಕದ ಅಂಗಡಿಯ ಹುಡುಗ ಆಟೋದಲ್ಲಿ ಕೂರಿಸಿಕೊಂಡು ಊರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಮೇಲೆ ನನಗೆ ಫೋನ್ ಮಾಡಿದ. ನಾನು ನಿಟ್ಟುವಳ್ಳಿಯಿಂದ ಹೋಗುವಷ್ಟರಲ್ಲಿ ಇಸಿಜಿ ಆಗಿತ್ತು. ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿದೆ, ಕೂಡಲೇ ಸ್ಟೆಂಟ್, ಅಂದರೆ ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ, ಹಾಕಬೇಕು ಅಂದರು. ಡಾಕ್ಟರು ಬಹಳ ಒಳ್ಳೆಯವರು, ಚಿಕಿತ್ಸೆ ಬಗ್ಗೆ ನನಗೆ ಒಂದೇ ಒಂದು ದೂರಿಲ್ಲ.

ಅಡ್ಮಿಷನ್ ಕೌಂಟರಿನಲ್ಲಿ ಮೊದಲು ಕೇಳಿದ್ದು "ಬಿಪಿಎಲ್ ಕಾರ್ಡ್ ಇದೆಯಾ?" ಅಂತ. ಇದ್ದಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೂ ಸಿಗುತ್ತೆ. ನಮ್ಮದು ಎಪಿಎಲ್. ಎಪಿಎಲ್‌ನವರಿಗೆ ಸರ್ಕಾರ ಕೊಡೋದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ನಾನು ಇನ್ಶೂರೆನ್ಸ್ ಕಾರ್ಡ್ ಮುಂದಿಟ್ಟೆ. "ಸರಿ ಮೇಡಂ, ಕ್ಯಾಶ್‌ಲೆಸ್ ಹಾಕ್ತೀವಿ, ಟಿಪಿಎ ಕೌಂಟರಿಗೆ ಹೋಗಿ" ಅಂದರು. ಟಿಪಿಎ ಅಂದರೆ ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ.

ಕ್ಯಾಶ್‌ಲೆಸ್ ಅಂದರೆ ಆಸ್ಪತ್ರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟೋದು. ಹಾಗಂತ ದುಡ್ಡೇ ಬೇಕಾಗಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ಮೊದಲು 20,000 ಅಡ್ವಾನ್ಸ್ ಕಟ್ಟಿಸಿಕೊಂಡರು. ಅಪ್ರೂವಲ್ ಬಂದ ಮೇಲೆ ಅಡ್ಜಸ್ಟ್ ಮಾಡ್ತೀವಿ ಅಂದರು. ಅಷ್ಟರಲ್ಲಿ ಕಂಪನಿಯಿಂದ ಒಂದು ಕ್ವೆರಿ: ಬಿಪಿ ಯಾವಾಗ ಶುರುವಾಯಿತು, ಮೊದಲ ಚೀಟಿ ಕಳಿಸಿ. ಅದೃಷ್ಟಕ್ಕೆ ನಮ್ಮ ಅಲ್ಮೇರಾದಲ್ಲಿ ಹಳೇ ಚೀಟಿಗಳ ಫೈಲ್ ಇತ್ತು. ಮಗಳು ಮನೆಗೆ ಹೋಗಿ ಫೋಟೋ ತೆಗೆದು ಕಳಿಸಿದಳು. ಡಾಕ್ಟರ ಚೀಟಿ ಹಳೇದಾಯಿತು ಅಂತ ದಯವಿಟ್ಟು ಎಸೆಯಬೇಡಿ. ಪಾಲಿಸಿ ಪ್ರತಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಕ್ಯಾನ್ಸಲ್ ಮಾಡಿದ ಒಂದು ಚೆಕ್, ಇವೆಲ್ಲ ಅದೇ ಫೈಲಿನಲ್ಲಿ ಇರಲಿ. ಮನೆಯಲ್ಲಿ ಇನ್ನೊಬ್ಬರಿಗೆ ಅದು ಎಲ್ಲಿದೆ ಅಂತ ಗೊತ್ತಿರಲಿ. ಸಂಜೆ ಹೊತ್ತಿಗೆ ಒಂದು ಲಕ್ಷಕ್ಕೆ ಮೊದಲ ಅಪ್ರೂವಲ್ ಬಂತು.

ಐಸಿಯುನಲ್ಲಿ ಎರಡು ದಿನ ಇಟ್ಟರು. ಆಮೇಲೆ ರೂಮಿಗೆ ಹಾಕಬೇಕು. ಇಲ್ಲಿಂದಲೇ ನಮ್ಮ ಗೋಳು ಶುರುವಾಗಿದ್ದು, ಆಗ ಗೊತ್ತಾಗಲಿಲ್ಲ ಅಷ್ಟೇ. ಇಬ್ಬರು ರೋಗಿಗಳಿರುವ ಶೇರಿಂಗ್ ರೂಮಿಗೆ 2,800. ಅದು ಖಾಲಿ ಇಲ್ಲ. ಖಾಲಿ ಇರೋದು 4,500ರ ಸಿಂಗಲ್ ರೂಮ್, ಇಲ್ಲದಿದ್ದರೆ ಜನರಲ್ ವಾರ್ಡ್. "ಐಸಿಯು ಬೆಡ್ ಖಾಲಿ ಮಾಡಬೇಕು ಅಕ್ಕಾ, ಬೇರೆ ಪೇಷಂಟ್ ಕಾಯ್ತಿದಾರೆ" ಅಂತ ಸಿಸ್ಟರ್ ಅವಸರ ಮಾಡುತ್ತಿದ್ದಳು. ಸಿಂಗಲ್ ರೂಮಿಗೆ ಸಹಿ ಹಾಕಿದೆವು. ನಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದೆ. ವಿಮಾ ಮೊತ್ತದ ಶೇ 1, ಅಂದರೆ ದಿನಕ್ಕೆ 3,000. ಐಸಿಯುಗೆ ಶೇ 2, ಅಂದರೆ 6,000. ಹೆಚ್ಚೆಂದರೆ ಎರಡು ದಿನಕ್ಕೆ 3,000 ಕೈಯಿಂದ ಹೋಗುತ್ತೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ ಅಲ್ವಾ? ಹಾಗಲ್ಲ.

ಡಿಸ್ಚಾರ್ಜ್ ದಿನ ಬೆಳಿಗ್ಗೆ ಹತ್ತಕ್ಕೇ ಡಾಕ್ಟರು ಹೋಗಬಹುದು ಅಂದರು. ಬಿಲ್ ರೆಡಿಯಾಗಿ ಕಂಪನಿಗೆ ಹೋಗಿದ್ದು ಮಧ್ಯಾಹ್ನ. ಆಮೇಲೆ ಬರೀ ಕಾಯೋದೇ ಕೆಲಸ. ಟಿಪಿಎ ಕೌಂಟರಿನಲ್ಲಿ ಒಬ್ಬನೇ ಹುಡುಗ. ಅವನ ಮುಂದೆ ನಮ್ಮಂಥವರು ಏಳೆಂಟು ಮಂದಿ. ಚನ್ನಗಿರಿ ಕಡೆಯ ಒಬ್ಬ ಅಜ್ಜ ಹೆಗಲ ಮೇಲಿನ ಟವೆಲ್ ತೆಗೆಯೋದು, ಹಾಕೋದು, ಗಡಿಯಾರ ನೋಡೋದು. ಹುಡುಗ ಪ್ರತಿಯೊಬ್ಬರಿಗೂ ಅದೇ ಹೇಳುತ್ತಿದ್ದ: "ಸಿಸ್ಟಮ್‌ನಲ್ಲಿ ಇನ್ನೂ ಬಂದಿಲ್ರೀ." ಪಾಪ, ಅವನಾದರೂ ಏನು ಮಾಡುತ್ತಾನೆ. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿದೆ. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯಲ್ಲಿ ಉತ್ತರ ಕೊಡಬೇಕು, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯಲ್ಲಿ. ತಡವಾಗಿ ಆಸ್ಪತ್ರೆಯವರು ಹೆಚ್ಚು ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ನಿಮ್ಮ ಬಿಲ್ ಎಷ್ಟು ಗಂಟೆಗೆ ಹೋಯಿತು ಅಂತ ಕೌಂಟರಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ನಮಗೆ ಅಪ್ರೂವಲ್ ಬಂದಾಗ ರಾತ್ರಿ ಎಂಟು ದಾಟಿತ್ತು.

ಬಿಲ್ 2,32,000. ಕಂಪನಿ ಒಪ್ಪಿದ್ದು 1,50,667. ಉಳಿದ 81,333 ಕಟ್ಟಿದರೆ ಮಾತ್ರ ಬಿಡುಗಡೆ. ಅಡ್ವಾನ್ಸ್ ಹೋಗಿ ಇನ್ನೂ 61 ಸಾವಿರ ಬೇಕು. ಅಂಗಡಿಯ ಗಲ್ಲಾದಲ್ಲಿ ಇದ್ದಿದ್ದನ್ನು ಮೈದುನ ತಂದ. ಮಿಕ್ಕಿದ್ದಕ್ಕೆ ನನ್ನ ಚೀಟಿ ದುಡ್ಡು ಹೋಯಿತು. ಮಗಳ ಮದುವೆಗೆ ಅಂತ ಇಟ್ಟಿದ್ದು.

ಯಾಕೆ ಇಷ್ಟು ಕಡಿತ ಅಂತ ಕೇಳಿದ್ದಕ್ಕೆ ಹುಡುಗ "ಪ್ರೊಪೋರ್ಷನೇಟ್ ಡಿಡಕ್ಷನ್ ಮೇಡಂ, ರೂಮ್ ಜಾಸ್ತಿದು ತಗೊಂಡಿದೀರಲ್ಲ" ಅಂದ. ನನಗೆ ತಲೆಬುಡ ತಿಳಿಯಲಿಲ್ಲ. ತಿಳಿದಿದ್ದು ಯಜಮಾನರಿಗೆ. ಮನೆಗೆ ಬಂದು ಮೂರನೇ ದಿನಕ್ಕೇ ಹಾಸಿಗೆ ಮೇಲೆ ಕೂತು, ಅಂಗಡಿಯ ಕ್ಯಾಲ್ಕುಲೇಟರ್ ತರಿಸಿಕೊಂಡು, ಕಂಪನಿಯ ಲೆಕ್ಕದ ಹಾಳೆಗೂ ಆಸ್ಪತ್ರೆಯ ಬಿಲ್ಲಿಗೂ ತಾಳೆ ಹಾಕಿದರು. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಒಂದೊಂದು ಸಾಲಿಗೂ ಟಿಕ್ ಹಾಕುತ್ತಾ ಬಂದರು. ನಾಲ್ಕೂವರೆ ಸಾವಿರದ ರೂಮಿಗೆ ಮೂರು ಸಾವಿರ, ಅಂದರೆ ಮೂರರಲ್ಲಿ ಎರಡು ಪಾಲು. ಅದೇ ಮೂರರಲ್ಲಿ ಎರಡು ಪಾಲು ಪ್ರತಿ ಸಾಲಿನಲ್ಲೂ ಇತ್ತು. ಡಾಕ್ಟರ ಫೀಸು, ಸ್ಟೆಂಟ್ ಹಾಕುವ ಕ್ಯಾಥ್ ಲ್ಯಾಬ್, ಔಷಧಿ, ರಕ್ತ ಪರೀಕ್ಷೆ, ಕೊನೆಗೆ ಸ್ಟೆಂಟಿಗೂ.

"ಅಲ್ಲ ಕಣೇ, ಸ್ಟೆಂಟಿಗೂ ರೂಮ್ ಬಾಡಿಗೆಗೂ ಏನು ಸಂಬಂಧ?" ಅಂದರು.

ಪ್ರಶ್ನೆ ಸರಿಯಾಗೇ ಇತ್ತು. ಸ್ಟೆಂಟಿನ ಬೆಲೆಗೆ 2017ರಲ್ಲೇ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಮಿತಿ ಹಾಕಿದೆ. ಜನರಲ್ ವಾರ್ಡಿನಲ್ಲಿ ಮಲಗಿದರೂ ಅದೇ ಸ್ಟೆಂಟ್, ಡೀಲಕ್ಸ್ ರೂಮಿನಲ್ಲಿ ಮಲಗಿದರೂ ಅದೇ ಸ್ಟೆಂಟ್. ಮಗಳು ಆ ಪ್ರಾಧಿಕಾರದ ಅಲ್ಲ, ವಿಮೆಯ ಪ್ರಾಧಿಕಾರದ ನಿಯಮಗಳನ್ನು ಹುಡುಕುತ್ತಾ ಕೂತಳು. 2020ರಲ್ಲೇ ಒಂದು ಮಾರ್ಗಸೂಚಿ ಬಂದಿದೆ. ಅದರ ತಿರುಳು ಇಷ್ಟು. ರೂಮ್ ಬಾಡಿಗೆ ಮಿತಿ ಮೀರಿದರೆ ಡಾಕ್ಟರ ಫೀಸಿನಂಥ ಕೆಲವು ಖರ್ಚಿನಲ್ಲಿ ಅದೇ ಪ್ರಮಾಣದ ಕಡಿತ ಮಾಡಬಹುದು. ಆದರೆ ಔಷಧಿ, ಸ್ಟೆಂಟಿನಂಥ ಇಂಪ್ಲಾಂಟ್, ವೈದ್ಯಕೀಯ ಸಾಧನ, ಪರೀಕ್ಷೆಗಳ ಖರ್ಚಿಗೆ ಕತ್ತರಿ ಹಾಕುವ ಹಾಗಿಲ್ಲ. ಐಸಿಯು ಚಾರ್ಜಿಗೂ ಹಾಕುವ ಹಾಗಿಲ್ಲ. ಇನ್ನೂ ಒಂದು ಮಾತಿದೆ, ಅದೇ ನಮ್ಮನ್ನು ಕಾಪಾಡಿದ್ದು: ರೂಮಿನ ದರ್ಜೆಗೆ ತಕ್ಕಂತೆ ಆಸ್ಪತ್ರೆ ಬೇರೆ ಬೇರೆ ದರ ಹಾಕದ ಖರ್ಚಿಗೆ ಈ ಕಡಿತ ಮಾಡಲೇಬಾರದು.

ಬಿಲ್ಲನ್ನು ಬಿಡಿಸಿ ನೋಡೋಣ. ಸ್ಟೆಂಟ್ 38,900. ಬಲೂನ್, ವೈರ್ ಇತ್ಯಾದಿ ಸಾಧನ 31,000. ಔಷಧಿ 27,100. ಪರೀಕ್ಷೆಗಳು 18,000. ಈ ನಾಲ್ಕೇ 1,15,000 ಆಯಿತು, ಪೂರ್ತಿ ಬರಬೇಕು. ಐಸಿಯು 12,000, ಮಿತಿಯೊಳಗೇ ಇದೆ, ಪೂರ್ತಿ ಬರಬೇಕು. ರೂಮಿನ 9,000ದಲ್ಲಿ 6,000 ಬರಬೇಕು. ಗ್ಲೌಸು, ಮಾಸ್ಕು ಅಂತ 6,000 ಕೊಡಲ್ಲ ಅಂದಿದ್ದರು, ಅದು ಪಾಲಿಸಿಯಲ್ಲೇ ಇದೆ, ಬಿಟ್ಟೆವು. ಉಳಿದಿದ್ದು ಡಾಕ್ಟರ ವಿಸಿಟ್ ಮತ್ತು ನರ್ಸಿಂಗ್ 12,000, ಕ್ಯಾಥ್ ಲ್ಯಾಬ್ ಮತ್ತು ಪ್ರೊಸೀಜರ್ ಚಾರ್ಜ್ 78,000. ಇವೆರಡಕ್ಕೂ ಕಡಿತ ಮಾಡಿದರೂ ಒಟ್ಟು 1,93,000 ಬರಬೇಕಿತ್ತು. ಅಂದರೆ 42,333 ಸುಮ್ನೆ ಕತ್ತರಿಸಿದ್ದಾರೆ. ಕ್ಯಾಥ್ ಲ್ಯಾಬಿಗೆ ಎಲ್ಲರಿಗೂ ಒಂದೇ ದರ ಅಂತಾದರೆ ಇನ್ನೂ 26,000 ಬರಬೇಕು.

ಅದಕ್ಕೆ ಆಸ್ಪತ್ರೆಯ ಪತ್ರ ಬೇಕು. ಟಿಪಿಎ ಕೌಂಟರಿನಲ್ಲಿ ಕೇಳಿದರೆ ಅವರು ಬಿಲ್ಲಿಂಗ್‌ಗೆ ಕಳಿಸಿದರು. ಬಿಲ್ಲಿಂಗ್‌ನವರು "ಇಂಥ ಲೆಟರ್ ಯಾರೂ ಕೇಳಿಲ್ಲ ಮೇಡಂ, ನಾವು ಕೊಡಕ್ಕೆ ಬರಲ್ಲ" ಅಂದರು. ಇವತ್ತು ಬನ್ನಿ, ನಾಳೆ ಬನ್ನಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಬಿಸಿಲು ಏರುತ್ತಿತ್ತು. ನಿಟ್ಟುವಳ್ಳಿಯಿಂದ ಹೋಗಿ ಬರೋ ಆಟೋ ಖರ್ಚೇ ಜಾಸ್ತಿ ಆಗೋ ಹಾಗಿತ್ತು. ಕೊನೆಗೆ ಬಾಯಿಮಾತು ಬಿಟ್ಟು ಅರ್ಜಿ ಬರೆದೆ. ಮೆಡಿಕಲ್ ಸೂಪರಿಂಟೆಂಡೆಂಟ್ ಹೆಸರಿಗೆ, ಎರಡೇ ಸಾಲು: ಕ್ಯಾಥ್ ಲ್ಯಾಬ್ ಮತ್ತು ಪ್ರೊಸೀಜರ್ ದರ ರೂಮಿನ ಮೇಲೆ ಬದಲಾಗುತ್ತದೆಯೇ ಇಲ್ಲವೇ ಎಂದು ಲಿಖಿತವಾಗಿ ತಿಳಿಸಿ. ಇನ್‌ವರ್ಡ್ ವಿಭಾಗದಲ್ಲಿ ಕೊಟ್ಟು, ನನ್ನ ಪ್ರತಿ ಮೇಲೆ ಸೀಲು ಹಾಕಿಸಿಕೊಂಡೆ. ಸೀಲು ಬಿದ್ದ ಮೇಲೆ ಕೆಲಸ ಬೇಗ ಆಯಿತು. ಪತ್ರ ಬಂತು. ವಿಸಿಟ್, ನರ್ಸಿಂಗ್ ರೂಮಿನ ಮೇಲೆ ಬದಲಾಗುತ್ತದೆ, ಕ್ಯಾಥ್ ಲ್ಯಾಬಿನ ದರ ಎಲ್ಲರಿಗೂ ಒಂದೇ ಅಂತ ಬರೆದಿದ್ದರು. ಜೊತೆಗೆ ದರಪಟ್ಟಿಯ ಪ್ರತಿ. ಆ ಒಂದು ಹಾಳೆ 26,000 ರೂಪಾಯಿಯ ಹಾಳೆ.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿದೆವು, ಸ್ಪೀಡ್ ಪೋಸ್ಟೂ ಮಾಡಿದೆವು. ಬಂದ ಉತ್ತರದಲ್ಲಿ "ಪಾಲಿಸಿ ನಿಯಮದಂತೆ ಇತ್ಯರ್ಥ ಮಾಡಲಾಗಿದೆ" ಅನ್ನೋದು ಬಿಟ್ಟರೆ ಏನೂ ಇಲ್ಲ. ನಾವು ಕೇಳಿದ ಒಂದು ಪ್ರಶ್ನೆಗೂ ಉತ್ತರ ಇಲ್ಲ. ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿದೆವು. 155255ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು. ಅಲ್ಲಿ ಹಾಕಿದ್ದು ಮತ್ತೆ ಅದೇ ಕಂಪನಿಗೆ ಹೋಗುತ್ತೆ. ನಮಗೆ ಅದೇ ಉತ್ತರ, ದಿನಾಂಕ ಮಾತ್ರ ಬೇರೆ. ನಿಜ ಹೇಳಬೇಕೆಂದರೆ ಆಗ ನನಗೆ ಸಾಕಾಗಿತ್ತು. ದುಡ್ಡು ಕಟ್ಟುವಾಗ ವಾರಕ್ಕೊಂದು ಫೋನ್ ಮಾಡುತ್ತಿದ್ದ ಏಜೆಂಟ್ ಈಗ ಫೋನ್ ಎತ್ತುತ್ತಿರಲಿಲ್ಲ. ಯಜಮಾನರೇ ಬಿಡಲಿಲ್ಲ. ಅಂಗಡಿಯಲ್ಲಿ ಎರಡು ರೂಪಾಯಿ ಮೊಳೆಗೂ ಲೆಕ್ಕ ಕೊಡೋರು ಅವರು.

ಮುಂದಿನದು ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಪು ಕೊಡುವ ವಿಮಾ ಒಂಬುಡ್ಸ್‌ಮನ್. ಕರ್ನಾಟಕಕ್ಕೆಲ್ಲ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ಕಚೇರಿ. ಇದರ ಬಗ್ಗೆ ಗೊತ್ತಿರಬೇಕಾದ್ದು: ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು. ಅವರು ಇಲ್ಲ ಅಂದಿರಬೇಕು, ಇಲ್ಲವೇ ಒಂದು ತಿಂಗಳು ಉತ್ತರ ಕೊಡದೆ ಕೂತಿರಬೇಕು. ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು. ಅದೇ ವಿಷಯಕ್ಕೆ ಗ್ರಾಹಕರ ಆಯೋಗದಲ್ಲಿ ಕೇಸು ಹಾಕಿರಬಾರದು. 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಫೀಸು ಒಂದು ಪೈಸೆಯೂ ಇಲ್ಲ. ವಕೀಲರು, ಏಜೆಂಟರು ನಿಮ್ಮ ಪರ ನಿಲ್ಲುವ ಹಾಗಿಲ್ಲ. "ನಾನು ಮಾಡಿಸಿಕೊಡ್ತೀನಿ, ಪರ್ಸೆಂಟೇಜ್ ಕೊಡಿ" ಅಂತ ಒಬ್ಬರು ನಮ್ಮ ಹತ್ತಿರವೂ ಬಂದಿದ್ದರು, ಅಂಥವರನ್ನು ದೂರ ಇಡಿ. ದೂರು ಆನ್‌ಲೈನ್‌ನಲ್ಲೇ ಹಾಕಬಹುದು, ಮಗಳು ಹಾಕಿದಳು. ಆಮೇಲೆ ಒಂದು ಒಪ್ಪಿಗೆ ಪತ್ರ ಕಳಿಸುತ್ತಾರೆ, ತುಂಬಿ ಸಹಿ ಹಾಕಿ ವಾಪಸ್ ಕಳಿಸಬೇಕು. ಕಾಗದ ಎಲ್ಲ ಸೇರಿದ ಮೇಲೆ ಮೂರು ತಿಂಗಳಲ್ಲಿ ತೀರ್ಪು ಆಗಬೇಕು ಅಂತ ನಿಯಮ. ಆ ದಿನಗಳಲ್ಲಿ ಫೋನ್ ಮಾಡಿ ಮಾಡಿ ಯಾರನ್ನೂ ಪೀಡಿಸಿ ಪ್ರಯೋಜನ ಇಲ್ಲ. ಕಾಯಬೇಕು.

ವಿಚಾರಣೆಗೆ ಸ್ವಲ್ಪ ಮುಂಚೆ ಕಂಪನಿಯಿಂದ ಫೋನ್ ಬಂತು. ಅಷ್ಟು ದಿನ ಬಾಯಿ ಬಿಡದಿದ್ದವರು ಈಗ ಬಹಳ ನಯವಾಗಿ, "ಸರ್, 42,333 ಕೊಡ್ತೀವಿ, ದೂರು ವಾಪಸ್ ತಗೊಳ್ಳಿ" ಅಂದರು. ನಮ್ಮ ಲೆಕ್ಕದ ಮೊದಲ ಭಾಗ ಪೈಸೆಗೆ ಪೈಸೆ ಸರಿ ಅಂತ ಅವರೇ ಒಪ್ಪಿಕೊಂಡ ಹಾಗಾಯಿತು. ನಾನು ತಗೊಂಡು ಬಿಡೋಣ ಅಂದೆ. ಮೈದುನನೂ ಅಂದ. ಇವರು ಮಾತ್ರ "ಆಸ್ಪತ್ರೆ ಪತ್ರ ಓದಿದೀರಾ?" ಅಂತ ಕೇಳಿದರು. ಆ ಕಡೆಯಿಂದ "ಚೆಕ್ ಮಾಡ್ತೀವಿ ಸರ್." ಚೆಕ್ ಮಾಡಲಿಲ್ಲ.

ವಿಚಾರಣೆ ವಿಡಿಯೊ ಕಾಲ್‌ನಲ್ಲೇ ಆಯಿತು, ಬೆಂಗಳೂರಿಗೆ ಹೋಗುವ ತಾಪತ್ರಯ ತಪ್ಪಿತು. ಮಂಡಕ್ಕಿ ಡಬ್ಬಕ್ಕೆ ಒರಗಿಸಿ ಮೊಬೈಲ್ ಇಟ್ಟೆವು. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತರು. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲಿ ಕಾಗದ ಹಿಡಿದು ಕೂತೆ. ಕಂಪನಿಯ ಪ್ರತಿನಿಧಿ ಇಂಗ್ಲಿಷಿನಲ್ಲಿ ಪಾಲಿಸಿಯ ಷರತ್ತು ಓದಿದರು. "ನಾನು ಕನ್ನಡದಲ್ಲೇ ಹೇಳ್ತೀನಿ ಸಾರ್" ಅಂದರು ಇವರು. ಹೇಳಿ ಅಂದರು ಒಂಬುಡ್ಸ್‌ಮನ್. ಸ್ಟೆಂಟ್, ಔಷಧಿ, ಪರೀಕ್ಷೆ, ಐಸಿಯು, ಕೊನೆಗೆ ಆಸ್ಪತ್ರೆಯ ಪತ್ರ. ಒಂದು ಹಾಳೆಯಲ್ಲಿ ಕಂಪನಿಯ ಲೆಕ್ಕ ಎಡಕ್ಕೆ, ನಮ್ಮ ಲೆಕ್ಕ ಬಲಕ್ಕೆ ಬರೆದು ಮೊದಲೇ ಕಳಿಸಿದ್ದೆವು. ಒಂಬುಡ್ಸ್‌ಮನ್ ಅದನ್ನೇ ಮುಂದಿಟ್ಟುಕೊಂಡು ಕಂಪನಿಯವರನ್ನು ಕೇಳಿದರು: "ಕ್ಯಾಥ್ ಲ್ಯಾಬಿಗೆ ಬೇರೆ ಬೇರೆ ದರ ಇದೆ ಅನ್ನೋದಕ್ಕೆ ನಿಮ್ಮ ಹತ್ತಿರ ದಾಖಲೆ ಇದೆಯಾ?" ಇರಲಿಲ್ಲ. ಕಾಲು ಗಂಟೆಯಲ್ಲಿ ಮುಗಿಯಿತು.

ಆದೇಶ ನಮ್ಮ ಕಡೆ ಆಯಿತು, 68,333 ಕೊಡಿ ಅಂತ. ಕಂಪನಿಗೆ 30 ದಿನದ ಗಡುವು. ಗಡುವಿನೊಳಗೇ ಬಂತು. ಝೆರಾಕ್ಸ್, ಪೋಸ್ಟ್, ಆಟೋ, ಆಸ್ಪತ್ರೆ ದಾಖಲೆಗಳ ಪ್ರತಿಗೆ ಕಟ್ಟಿದ್ದು, ಎಲ್ಲ ಸೇರಿ ನಮಗೆ ಎರಡು ಸಾವಿರದೊಳಗೆ ಖರ್ಚಾಗಿರಬಹುದು. ಚೀಟಿ ದುಡ್ಡು ಮತ್ತೆ ಮಗಳ ಹೆಸರಿಗೆ ಹೋಯಿತು.

ದುಡ್ಡು ಬಂದ ವಾರವೇ ರಿನ್ಯೂವಲ್ ನೋಟಿಸೂ ಬಂತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಮೊದಲು ಶೇ 18 ಇತ್ತು. ಈ ಸಲ ಹಗುರ ಆಗುತ್ತೆ ಅಂತ ನಾನು ಎಣಿಸಿದ್ದೆ. ಹೋದ ವರ್ಷ 24,000 ಪ್ರೀಮಿಯಂ, 4,320 ತೆರಿಗೆ. ಈ ವರ್ಷ ತೆರಿಗೆ ಸೊನ್ನೆ, ಪ್ರೀಮಿಯಂ 27,600. ಸರ್ಕಾರ ಬಿಟ್ಟಿದ್ದರಲ್ಲಿ ನಮಗೆ ದಕ್ಕಿದ್ದು 720 ರೂಪಾಯಿ. 60 ದಾಟಿದವರಿಗಾದರೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸುವ ಮುಂಚೆ ಕಂಪನಿ ಪ್ರಾಧಿಕಾರವನ್ನು ಕೇಳಬೇಕು, 2025ರ ಜನವರಿಯಲ್ಲಿ ಆ ಆದೇಶ ಬಂದಿದೆ. ಇವರಿಗೆ ಇನ್ನೂ 60 ಆಗಿಲ್ಲವಲ್ಲ, ಶೇ 15 ಏರಿಸಿದ್ದಾರೆ.

ಬೇರೆ ಕಂಪನಿಗೆ ಪೋರ್ಟ್ ಮಾಡಿಸೋಣ ಅಂತ ಕೇಳಿದೆವು. ಪೋರ್ಟ್ ಮಾಡಿದರೆ ಈಗಾಗಲೇ ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ, ಅದು ನಿಜ. ಆದರೆ ಹೊಸ ಕಂಪನಿ ಒಪ್ಪಲೇಬೇಕು ಅಂತ ಇಲ್ಲ. ಸ್ಟೆಂಟ್ ಅಂದ ಕೂಡಲೇ ಆಗಲ್ಲ ಅಂದರು. ಇದೇ ಕಂಪನಿಯಲ್ಲಿ 5 ಲಕ್ಷಕ್ಕೆ ಏರಿಸಿದರೆ ರೂಮ್ ಮಿತಿ ದಿನಕ್ಕೆ 5,000 ಆಗುತ್ತೆ. ಹೆಚ್ಚಿಸಿದ 2 ಲಕ್ಷಕ್ಕೆ ಮಾತ್ರ ಕಾಯುವ ಅವಧಿ ಹೊಸದಾಗಿ ಶುರು, ಪ್ರೀಮಿಯಂ ಬೇರೆ ಇನ್ನೂ ಮೇಲೆ. ಹೊಸದಾಗಿ ಪಾಲಿಸಿ ಮಾಡಿಸುವವರು, ಆರೋಗ್ಯ ಚೆನ್ನಾಗಿರುವಾಗಲೇ ರೂಮ್ ಮಿತಿ ಇಲ್ಲದ್ದನ್ನು ನೋಡಿ. ಕೈಗೆ ಬಂದ ಮೇಲೆ 30 ದಿನ ಸಮಯ ಇರುತ್ತೆ, ಓದಿ ಬೇಡ ಅನಿಸಿದರೆ ವಾಪಸ್ ಕೊಡಬಹುದು.

ನಾವು 3 ಲಕ್ಷದ್ದನ್ನೇ ಮುಂದುವರಿಸಿದೆವು, 27,600 ಕಟ್ಟಿಯಾಯಿತು. ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ ಎರಡು ಸಾವಿರದ ಆರ್‌ಡಿ ಬೇರೆ ತೆರೆದಿದ್ದೇವೆ, ಆಸ್ಪತ್ರೆಗೆ ಅಂತಲೇ. ರೂಮ್ ತಗೊಳ್ಳುವಾಗ ಕೇಳಬೇಕಾದ್ದನ್ನು ಫೈಲಿನ ಮೊದಲ ಹಾಳೆಯ ಮೇಲೆ ಯಜಮಾನರು ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದಾರೆ: ದಿನಕ್ಕೆ 3,000, ಐಸಿಯು 6,000.